ಮೇಷ್ಟ್ರು ಬಂದರು, ಪಾಠ ಬಂತೇ?

ಮೈಸೂರಿನಿಂದ ಚಾಮರಾಜನಗರಕ್ಕೆ ಹೊರಟ ಬೆಳಗಿನ ರೈಲು ನಂಜನಗೂಡು ದಾಟಿ ಕವಲಂದೆಯಲ್ಲಿ ನಿಂತಾಗ ಇಳಿಯುವವರಲ್ಲಿ ಊಟದ ಡಬ್ಬಿ ಹಿಡಿದ ಮೇಷ್ಟ್ರುಗಳೂ ಇರುತ್ತಾರೆ. ರೈಲು ತಡವಾಯಿತೋ, ಊರವರ ಟೀಕೆ ಸಿದ್ಧ: ಮನೆ ಪೇಟೆಯಲ್ಲಿ, ಸಂಬಳ ಇಲ್ಲಿ! ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಊರಲ್ಲೇ ಬಿಡಾರ ಹೂಡಿದವರ ತರಗತಿಯಲ್ಲಿ ಮಕ್ಕಳು ಕಲಿತೇಬಿಡುತ್ತಾರೆಯೆ?

ವೃತ್ತಿನಿಷ್ಠೆಯನ್ನು ನಾವು ಅಳೆಯುವುದು ಹಾಜರಿ ಪುಸ್ತಕದಿಂದ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿದಾಗ ಶಾಲೆಯಲ್ಲಿಲ್ಲದ ಶಿಕ್ಷಕರು ಶೇ 18.5. ಅದರಲ್ಲಿ ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ 2.5 ಮಾತ್ರ, ಉಳಿದವರು ರಜೆ, ತರಬೇತಿ, ಇಲಾಖೆಯ ಕೆಲಸಗಳಲ್ಲಿದ್ದರು. ಗೈರುಹಾಜರಿಯೊಂದೇ ರೋಗವಲ್ಲವೆನ್ನಲು ಇಷ್ಟು ಸಾಕು.

ಹೈಸ್ಕೂಲಿನ ಸಂಕಟ ಬೇರೆ. ಎಂಟನೇ ತರಗತಿಗೆ ಬಂದ ಹುಡುಗನಿಗೆ ಭಾಗಾಕಾರವೇ ತಿಳಿಯದು. ವರ್ಷಾರಂಭದ 'ಸೇತುಬಂಧ' ಕೆಲವೇ ದಿನಗಳ ಮಾತು. ಆಮೇಲೆ ಪಠ್ಯ ಓಡಬೇಕು. ಗಣಿತದ ಹುದ್ದೆ ಖಾಲಿಯಿದ್ದರೆ ಅತಿಥಿ ಶಿಕ್ಷಕರೇ ಗತಿ. ಮುಂದಿನ ವರ್ಷ ತಾನಿರುವ ಖಾತ್ರಿಯಿಲ್ಲದವರಿಂದ ನಿಷ್ಠೆ ಬಯಸುವುದು ಯಾವ ನ್ಯಾಯ?

ನನಗೂ ಇಬ್ಬರು ಮೇಷ್ಟ್ರಿದ್ದರು. ಒಬ್ಬರು ಸೂರ್ಯ ಹುಟ್ಟುವ ಮೊದಲೇ ವಿಶೇಷ ತರಗತಿ ನಡೆಸುತ್ತಿದ್ದರು. ಒಂದು ದಿನ ರಜೆ ಹಾಕಿದವರಲ್ಲ. ಆದರೆ ನೋಟ್ಸ್ ಬರೆಸುವುದೇ ಅವರ ಪಾಠ. ಬರೆದೆವು, ಮರೆತೆವು. ಇನ್ನೊಬ್ಬರು ಗಂಟೆ ಹೊಡೆದೊಡನೆ ಬಸ್ಸಿಗೆ ಓಡುವವರು. ಆದರೆ ಲೆಕ್ಕ ತಪ್ಪಿದರೆ ಕೆಂಪು ಗೀಟು ಎಳೆದು ಬಿಡುತ್ತಿರಲಿಲ್ಲ. ಯಾವ ಹಂತದಲ್ಲಿ ಜಾರಿದೆಯೆಂದು ಗುರುತು ಹಾಕಿ, ಅಲ್ಲಿಂದಲೇ ಮತ್ತೆ ಮಾಡಿಸುತ್ತಿದ್ದರು. ನನಗೆ ಬೀಜಗಣಿತ ಬಂದದ್ದು ಅವರಿಂದ. ಮೊದಲನೆಯವರ ಮೇಲೆ ಗೌರವ ಇಂದಿಗೂ ಇದೆ, ಅದು ಬೇರೆ ಮಾತು. ಅವರ ನಿಷ್ಠೆ ಶಾಲೆಯ ಕಡೆಗಿತ್ತು. ಇವರದು ನಮ್ಮ ತಪ್ಪುಗಳ ಕಡೆಗೆ.

ಇಲಾಖೆಗೆ ಕಾಣುವುದು ಫಲಿತಾಂಶದ ಶೇಕಡಾವಾರು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮೇಷ್ಟ್ರುಗಳ ನಿಷ್ಠೆ ಅಷ್ಟು ಕರಗಿತೆ? ಇಲ್ಲ, ಅಳತೆಗೋಲೇ ಅಲುಗಿತು. ಫಲಿತಾಂಶ ಕಡಿಮೆಯಾಯಿತೆಂದು ನೋಟಿಸು ಬರುತ್ತದೆಂದರೆ, ಹಿಂದುಳಿದ ಹುಡುಗನಿಗೆ ಭಾಗಾಕಾರ ಕಲಿಸುವ ಬದಲು ಪಾಸಾಗುವಷ್ಟು ಪ್ರಶ್ನೋತ್ತರ ಉರುಹಾಕಿಸುವುದೇ ಜಾಣತನವಾಗುತ್ತದೆ.

ಹೀಗೆ ಪಾಸಾದ ಹುಡುಗಿ ನಂಜನಗೂಡಿನ ಪಿಯು ಕಾಲೇಜಿಗೆ ಹೋಗುತ್ತಾಳೆ. ವಿಜ್ಞಾನ ಬೇಕೆಂಬಾಸೆ ಅವಳಿಗೆ. ಮೊದಲ ಕಿರುಪರೀಕ್ಷೆಯಲ್ಲೇ ಭಾಗಾಕಾರ ಎದುರಾಗುತ್ತದೆ.