ನಾಟಕ ಕಂಪನಿಯ ಬರಹಗಾರ ಮತ್ತು ಕನ್ನಡ ಚಿತ್ರಕಥೆ: ಜಿ.ವಿ. ಅಯ್ಯರ್ ಅವರ ವೃತ್ತಿಪಥ

ಕನ್ನಡ ಚಿತ್ರರಂಗದ ಚರಿತ್ರೆಗಳಲ್ಲಿ ಜಿ.ವಿ. ಅಯ್ಯರ್ ಅವರ ಹೆಸರು ಎರಡು ಬೇರೆ ಬೇರೆ ಕಡೆಗಳಲ್ಲಿ ಬರುತ್ತದೆ. 1950 ಮತ್ತು 1960ರ ದಶಕಗಳ ಜನಪ್ರಿಯ ಚಿತ್ರಗಳನ್ನು ಕುರಿತ ಅಧ್ಯಾಯದಲ್ಲಿ ಅವರು ಪೋಷಕ ನಟರು, ಸಂಭಾಷಣಕಾರರು, ಗೀತರಚನಕಾರರು. ಹೊಸ ಅಲೆಯ ಅಧ್ಯಾಯದಲ್ಲಿ ಅವರೇ ‘ಹಂಸಗೀತೆ’ಯ ನಿರ್ದೇಶಕರು, ಸಂಸ್ಕೃತ ಭಾಷೆಯಲ್ಲಿ ಚಿತ್ರ ತೆಗೆದ ಸಾಹಸಿ, ಪಾದರಕ್ಷೆ ತೊರೆದ ‘ಬರಿಗಾಲ ನಿರ್ದೇಶಕ’. ಮೊದಲಿನ ಅಯ್ಯರ್ ಹೊಟ್ಟೆಪಾಡಿಗೆ ದುಡಿದವರು, ಎರಡನೆಯ ಅಯ್ಯರ್ ಕಲೆಗಾಗಿ ಬದುಕಿದವರು ಎಂಬ ಗ್ರಹಿಕೆ ಈ ವಿಂಗಡಣೆಯ ಹಿಂದಿದೆ. ಬರಿಗಾಲಿನ ಬಿರುದು ವ್ಯಕ್ತಿಯನ್ನು ಪ್ರಸಿದ್ಧಿಗೊಳಿಸಿದಷ್ಟು ಅವರ ಬರವಣಿಗೆಯನ್ನು ಪ್ರಸಿದ್ಧಿಗೊಳಿಸಲಿಲ್ಲ.

ಕನ್ನಡ ಅಧ್ಯಯನವೂ ಈ ವಿಷಯದಲ್ಲಿ ಹೊಣೆಯಿಂದ ಮುಕ್ತವಲ್ಲ. ‘ಸಾಹಿತ್ಯ ಮತ್ತು ಸಿನಿಮಾ’ ಎಂಬ ಶೀರ್ಷಿಕೆಯಡಿ ನಡೆಯುವ ಅಧ್ಯಯನಗಳು ಬಹುಮಟ್ಟಿಗೆ ಕಾದಂಬರಿಯನ್ನು ಒಂದು ಕೈಯಲ್ಲಿ, ಚಿತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಪಟ್ಟಿ ಮಾಡುತ್ತವೆ. ಕಾದಂಬರಿಕಾರ ಸಾಹಿತಿ, ನಿರ್ದೇಶಕ ಕಲಾವಿದ. ಇಬ್ಬರ ನಡುವೆ ಕುಳಿತು ದೃಶ್ಯ ಕಟ್ಟಿದ, ಮಾತು ಬರೆದ ವ್ಯಕ್ತಿಗೆ ಸಾಹಿತ್ಯ ಚರಿತ್ರೆಯಲ್ಲಿ ಪುಟವಿಲ್ಲ. ಅಯ್ಯರ್ ಅವರ ವೃತ್ತಿಜೀವನವನ್ನು ಬರವಣಿಗೆಯ ಎಳೆ ಹಿಡಿದು ಓದಿದರೆ ಮೇಲಿನ ಎರಡು ಅಧ್ಯಾಯಗಳ ನಡುವಿನ ಗೋಡೆ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ.

ಗಣಪತಿ ವೆಂಕಟರಮಣ ಅಯ್ಯರ್ ಜನಿಸಿದ್ದು 1917ರಲ್ಲಿ, ನಂಜನಗೂಡಿನಲ್ಲಿ. ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. 1884ರಲ್ಲಿ ಸ್ಥಾಪಿತವಾದ ಆ ಕಂಪನಿಯನ್ನು ನಾಟಕಶಾಲೆ ಎಂದು ಕರೆಯುವುದು ರೂಢಿ. ಆದರೆ ಅದು ಬರಹದ ಶಾಲೆಯೂ ಆಗಿತ್ತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವೃತ್ತಿ ಕಂಪನಿಗಳಲ್ಲಿ ನಾಟಕ ಕವಿಗೆ ಪ್ರತ್ಯೇಕ ಸ್ಥಾನವಿತ್ತು. ಅವನು ಬರೆಯುತ್ತಿದ್ದುದು ಮುದ್ರಣಕ್ಕಲ್ಲ, ನಾಳೆಯ ತಾಲೀಮಿಗೆ. ಯಾವ ನಟನ ಕಂಠ ಯಾವ ಸ್ಥಾಯಿಗೆ ಏರುತ್ತದೆ, ಯಾರ ನಾಲಗೆ ಎಷ್ಟು ಉದ್ದದ ಸಮಾಸವನ್ನು ತಾಳುತ್ತದೆ ಎಂಬುದನ್ನು ಬಲ್ಲವನೇ ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ ಪರದೆಯ ಲೆಕ್ಕ. ಹಿಂದೆ ದರಬಾರಿನ ಸೀನರಿ ಜೋಡಿಸುವಷ್ಟು ಹೊತ್ತು ಪರದೆಯ ಮುಂದೆ ಹಾಸ್ಯದ ದೃಶ್ಯವೊಂದು ನಡೆಯಬೇಕು. ಅದು ಬೇಗ ಮುಗಿದರೂ ತಪ್ಪು, ಎಳೆದರೂ ತಪ್ಪು. ಕಥೆಯನ್ನು ಕಾಲದ ತುಂಡುಗಳಾಗಿ ಅಳೆಯುವ ಈ ಅಭ್ಯಾಸವು ಚಿತ್ರಕಥೆಯ ಮೊದಲ ಪಾಠವೆಂದರೆ ಅತಿಶಯೋಕ್ತಿಯಾಗದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಬರೆದವರು ಕಂಪನಿ ನಾಟಕಗಳ ಕವಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಎಂಬುದು ಆಕಸ್ಮಿಕವಲ್ಲ. ಅಯ್ಯರ್ ಆ ಪರಂಪರೆಯಲ್ಲಿ ಬಂದವರು.

ಧಾರವಾಡ ಜಿಲ್ಲೆಯ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಹುಬ್ಬಳ್ಳಿ ಮತ್ತು ಗದಗ ವೃತ್ತಿ ಕಂಪನಿಗಳ ಮುಖ್ಯ ಮೊಕ್ಕಾಂಗಳು. ಕುಂದಗೋಳ, ನವಲಗುಂದ, ಕಲಘಟಗಿಗಳ ಹಳ್ಳಿಗಳಲ್ಲಿ ದೊಡ್ಡಾಟ, ಸಣ್ಣಾಟಗಳ ಜೊತೆಗೆ ಕಂಪನಿ ಮಾದರಿಯ ಸಾಮಾಜಿಕ ನಾಟಕಗಳನ್ನು ಜಾತ್ರೆಗೆ ಆಡುವ ರೂಢಿ ಬೆಳೆದದ್ದು ಈ ಮೊಕ್ಕಾಂಗಳ ಪ್ರಭಾವದಿಂದಲೇ. ಹಳ್ಳಿಯ ನಾಟಕದ ಮಾಸ್ತರರು ನಟರನ್ನು ನೋಡಿ ಮಾತು ಕೂಡಿಸುವ, ಕಡಿಮೆ ಮಾಡುವ ಕೆಲಸವನ್ನೂ ಮಾಡುತ್ತಾರೆ. ಅದೂ ಬರವಣಿಗೆಯೇ, ಕೃತಿಕಾರನ ಹೆಸರಿಲ್ಲದ ಬರವಣಿಗೆ.

ನಟನಾಗಿ ಅಯ್ಯರ್ ಅವರ ಏಳಿಗೆ ಬಹಳ ನಿಧಾನವಾದುದು. ಬೆಳ್ಳಿತೆರೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1943ರ ‘ರಾಧಾರಮಣ’ದಲ್ಲಿ. ಹೆಚ್ಚು ಜನರ ಗಮನಕ್ಕೆ ಬಂದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದಿಂದ ರಾಜಕುಮಾರ್ ನಾಯಕನಟರಾದರು, ನರಸಿಂಹರಾಜು ಹಾಸ್ಯನಟರಾಗಿ ಹೆಸರಾದರು. ಅಯ್ಯರ್ ಅವರಿಗೆ ದೊರೆತದ್ದು ಪೋಷಕ ಪಾತ್ರಗಳ ಹಾದಿ. ಎರಡು ಚಿತ್ರಗಳ ನಡುವೆ ಹನ್ನೊಂದು ವರ್ಷ. ಆ ಕಾಲದಲ್ಲಿ ಕನ್ನಡ ಚಿತ್ರಗಳ ತಯಾರಿಕೆಯೇ ವಿರಳ. ತಯಾರಾಗುವುದೂ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ, ತಮಿಳು ಮತ್ತು ತೆಲುಗು ಚಿತ್ರಗಳು ಬಿಟ್ಟುಕೊಟ್ಟ ವೇಳೆಯಲ್ಲಿ. ‘ಬೇಡರ ಕಣ್ಣಪ್ಪ’ದ ಯಶಸ್ಸಿನ ನಂತರವೂ ಕನ್ನಡ ನಟರಿಗೆ ವರ್ಷವಿಡೀ ಕೆಲಸವಿರಲಿಲ್ಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿದರು. ತೆರೆಯ ಮೇಲಿನ ನಟರು ರಂಗದ ಮೇಲೆ ನಿಂತು ಟಿಕೆಟ್ಟಿನ ಹಣದಿಂದ ಬದುಕಿದ ಕಾಲವದು.

ಆ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿತು. ನಿರ್ದೇಶನ ಎನ್.ಸಿ. ರಾಜನ್ ಅವರದು, ಬರವಣಿಗೆ ಅಯ್ಯರ್ ಅವರದು. ನಟನೆಯಲ್ಲಿ ದೊರೆಯದ ಮುಖ್ಯ ಪಾತ್ರ ಅವರಿಗೆ ಬರವಣಿಗೆಯಲ್ಲಿ ದೊರೆಯಿತು. ಮೈಸೂರನ್ನು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಯ ಜಟ್ಟಿಯನ್ನು ಮಣಿಸಿದ ಐತಿಹ್ಯ, ಅರಮನೆಯ ಒಳಸಂಚು, ಇವು ಚಿತ್ರದ ವಸ್ತು. ಬರವಣಿಗೆಯ ದೃಷ್ಟಿಯಿಂದ ಇಲ್ಲಿ ತುಸು ನಿಂತು ನೋಡಬೇಕಾದ ಸಂಗತಿಯೊಂದಿದೆ.

ರಾಜ್ಯದ ಏಕೀಕರಣವಾಗಿ ಆಗ ನಾಲ್ಕೇ ವರ್ಷ. ಹಳೆಯ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಪ್ರೇಕ್ಷಕನಿಗೆ ಮೈಸೂರು ಅರಸನು ‘ನಮ್ಮ ಅರಸ’ನಾಗಿರಲಿಲ್ಲ. ಇತಿಹಾಸದ ಲೆಕ್ಕದಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರವಾದುದು. ಕಂಠೀರವ ನರಸರಾಜನು ಪಟ್ಟವೇರಿದ ಕಾಲದಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿಹೋದದ್ದು ಬಿಜಾಪುರದ ಸೈನ್ಯ. ಧಾರವಾಡ ಸೀಮೆ ಆಗ ಬಿಜಾಪುರದ ಆದಿಲಶಾಹಿಯ ಅಧೀನದಲ್ಲಿತ್ತು. ಅಂದರೆ ನವಲಗುಂದದ ಟೆಂಟಿನಲ್ಲಿ ಕುಳಿತವನು ಚಪ್ಪಾಳೆ ತಟ್ಟಬೇಕಾಗಿದ್ದುದು ಚರಿತ್ರೆಯಲ್ಲಿ ತನ್ನ ಸೀಮೆಯ ಎದುರುಪಕ್ಷದ ದೊರೆಗೆ. ಚಪ್ಪಾಳೆ ಬಿತ್ತು. ಅದನ್ನು ಸಾಧ್ಯವಾಗಿಸಿದವುಗಳಲ್ಲಿ ರಾಜಕುಮಾರ್ ಅವರ ಅಭಿನಯ ಮೊದಲನೆಯದು, ಸಂಭಾಷಣೆಯ ಕನ್ನಡ ಎರಡನೆಯದು. ಅಂದಿನ ಚಾರಿತ್ರಿಕ ಚಿತ್ರಗಳ ಸಭಾ ಮಾತು ಕಂಪನಿ ನಾಟಕದಿಂದ ಬಂದ ಗ್ರಾಂಥಿಕ ಭಾಷೆ. ಸಂಸ್ಕೃತಭೂಯಿಷ್ಠ, ಲಯಬದ್ಧ, ಕೊನೆಯಲ್ಲಿ ಏರುವ ವಾಕ್ಯ. ಮೈಸೂರಿನ ಮನೆಮಾತೂ ಅದಲ್ಲ, ಧಾರವಾಡದ ಮನೆಮಾತೂ ಅದಲ್ಲ. ಎರಡೂ ಕಡೆಯವರು ಅದನ್ನು ಕಂಪನಿಯ ಪರದೆಯ ಮುಂದೆ ಕೇಳಿ ಬಲ್ಲವರು. ಯಾರದೂ ಅಲ್ಲದ್ದರಿಂದ ಎಲ್ಲರದೂ ಆದ ಭಾಷೆಯದು. ಏಕೀಕರಣವನ್ನು ಕುರಿತ ಬರಹಗಳು ವಿದ್ಯಾವರ್ಧಕ ಸಂಘವನ್ನೂ ಆಲೂರು ವೆಂಕಟರಾಯರನ್ನೂ ನೆನೆಯುತ್ತವೆ, ಅದು ಯುಕ್ತವೇ. ಓದುಬರಹ ಬಾರದ ಜನರಲ್ಲಿ ಏಕೀಕೃತ ಕರ್ನಾಟಕದ ಭಾವನೆಯನ್ನು ಹರಡಿದ ಸಂಭಾಷಣಕಾರರನ್ನು ಅದೇ ಸಾಲಿನಲ್ಲಿ ಚರ್ಚಿಸಲು ಹಿಂಜರಿಕೆ ಏಕೆಂಬುದು ವಿಚಾರಾರ್ಹ. ಅದೇ ಭಾಷೆ ಪಾತ್ರಗಳನ್ನು ಒಂದೇ ಎರಕದಲ್ಲಿ ಹೊಯ್ದದ್ದೂ ನಿಜ. ರಾಜ, ಮಂತ್ರಿ, ದ್ರೋಹಿ ಎಲ್ಲರೂ ಒಂದೇ ಕಂಠದಲ್ಲಿ ಮಾತನಾಡುತ್ತಾರೆ, ವ್ಯತ್ಯಾಸ ಉಳಿಯುವುದು ಹಾಸ್ಯಪಾತ್ರಗಳಲ್ಲಿ ಮಾತ್ರ. ಪರದೆಯ ಮುಂದಿನ ದೃಶ್ಯದ ಋಣ ಇಲ್ಲಿಯೂ ಕಾಣುತ್ತದೆ.

ಅಯ್ಯರ್ ನಿರ್ದೇಶನಕ್ಕೆ ಕಾಲಿಟ್ಟದ್ದು 1962ರಲ್ಲಿ. ‘ಭೂದಾನ’, ‘ತಾಯಿ ಕರುಳು’, ಅನಂತರ ‘ಲಾಯರ್ ಮಗಳು’, ‘ಬಂಗಾರಿ’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’, ‘ರಾಜಶೇಖರ’, ‘ಮೈಸೂರು ಟಾಂಗಾ’, ‘ಚೌಕದ ದೀಪ’ ಹೀಗೆ ದಶಕ ಮುಗಿಯಿತು. ಇವುಗಳಲ್ಲಿ ಬಹಳಷ್ಟು ಚಿತ್ರಗಳು ಮಾರುಕಟ್ಟೆಯ ಅಳತೆಗೆ ಕತ್ತರಿಸಿದವು, ಅವುಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಆದರೆ ‘ಭೂದಾನ’ವನ್ನು ಹಾಗೆ ದಾಟಿ ಹೋಗಲಾಗದು. ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಕೂಡಿ ನಟಿಸಿದ ಚಿತ್ರವೆಂಬ ಕಾರಣಕ್ಕೆ ಅದನ್ನು ನೆನೆಯುವುದುಂಟು. ಅದರ ಕಥಾವಸ್ತುವಿನಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯ (1933) ನೆರಳು ಇರುವುದನ್ನು ಗುರುತಿಸಲಾಗಿದೆ. ಭೂಮಿಯಿಲ್ಲದವನ ಭೂಮಿಯ ಆಸೆಯನ್ನು, ವಿನೋಬಾ ಭಾವೆಯವರು 1951ರಲ್ಲಿ ಆರಂಭಿಸಿದ ಚಳವಳಿಯ ಹೆಸರಿನೊಂದಿಗೆ ಕೂಡಿಸಿ, ಮೂವರು ತಾರೆಯರ ಚಿತ್ರದೊಳಗೆ ಇಡುವ ಯತ್ನವದು. ಕಾರಂತರ ದುರಂತಕ್ಕೆ ಭೂದಾನದ ಭರವಸೆ ಒಗ್ಗುವುದಿಲ್ಲವೆಂಬ ಆಕ್ಷೇಪ ಸಾಧುವೇ. ಆದರೂ 1975ರಲ್ಲಿ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ತೆರೆಗೆ ತಂದು ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯುವುದಕ್ಕೆ ಹದಿಮೂರು ವರ್ಷ ಮೊದಲೇ ‘ವ್ಯಾಪಾರಿ’ ಅಯ್ಯರ್ ಆ ವಸ್ತುವಿಗೆ ಕೈಹಾಕಿದ್ದರು. ಹೊಸ ಅಲೆಯು ಅವರನ್ನು ಗಂಭೀರ ವಸ್ತುವಿಗೆ ಪರಿವರ್ತಿಸಿತೆಂಬ ಕಥನ ಇಲ್ಲಿಯೇ ಸಡಿಲಗೊಳ್ಳುತ್ತದೆ. ಬದಲಾದದ್ದು ವಸ್ತುವಿಗಿಂತ ಬರವಣಿಗೆಯ ರೀತಿ.

ಆ ಬದಲಾವಣೆಯ ಮೊದಲ ಗುರುತು ‘ವಂಶವೃಕ್ಷ’ (1971). ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಅನಂತಮೂರ್ತಿಯವರ ‘ಸಂಸ್ಕಾರ’ವು 1970ರಲ್ಲಿ ಚಿತ್ರವಾಗಿ, ಕಾದಂಬರಿಯ ಮಾತು ಕಂಪನಿ ಧಾಟಿಯಿಲ್ಲದೆಯೂ ತೆರೆಯ ಮೇಲೆ ನಿಲ್ಲಬಲ್ಲದೆಂದು ತೋರಿಸಿತ್ತು. ಮರುವರ್ಷ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಅಯ್ಯರ್ ನಿರ್ಮಿಸಿದರು. ನಿರ್ದೇಶನವನ್ನು ಧಾರವಾಡದಲ್ಲಿ ಓದಿ ಬೆಳೆದ ಗಿರೀಶ ಕಾರ್ನಾಡರಿಗೂ, ತಮ್ಮಂತೆಯೇ ಗುಬ್ಬಿ ಕಂಪನಿಯಿಂದ ಬಂದ ಬಿ.ವಿ. ಕಾರಂತರಿಗೂ ಒಪ್ಪಿಸಿದರು. ಅವರಿಬ್ಬರಿಗೆ ಆ ವರ್ಷದ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಮಾತಿನಿಂದಲೇ ಬದುಕಿದ್ದ ಬರಹಗಾರನು ಐವತ್ತರ ಗಡಿ ದಾಟಿದ ಮೇಲೆ ಲೇಖನಿಯನ್ನು ಕೆಳಗಿಟ್ಟು, ತನಗಿಂತ ಕಿರಿಯರು ಬೇರೆ ಬಗೆಯಲ್ಲಿ ದೃಶ್ಯ ಕಟ್ಟುವುದನ್ನು ಹಣ ಹೂಡಿ ನೋಡಿದ್ದು ಸಾಮಾನ್ಯ ಸಂಗತಿಯಲ್ಲ.

ಇದರ ಫಲ ‘ಹಂಸಗೀತೆ’ (1975). ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತ ತ.ರಾ.ಸು. ಅವರ ಕಾದಂಬರಿ ಇದಕ್ಕೆ ಮೊದಲೇ ಒಮ್ಮೆ ಚಿತ್ರವಾಗಿತ್ತು; ಹಿಂದಿಯ ‘ಬಸಂತ್ ಬಹಾರ್’ (1956) ಇದೇ ಕಾದಂಬರಿಯನ್ನು ಆಧರಿಸಿದ್ದು. ಆ ಚಿತ್ರದ ಗಾಯನ ಸ್ಪರ್ಧೆಯಲ್ಲಿ ಮನ್ನಾ ಡೇ ಅವರೊಂದಿಗೆ ಹಾಡಿದವರು ಭೀಮಸೇನ ಜೋಶಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಗಾಯಕ ಚಿತ್ರದ ನಿಯಮದಂತೆ ನಾಯಕನ ಕಂಠಕ್ಕೆ ಸೋಲಬೇಕಾಯಿತು. ಅಲ್ಲಿ ಸಂಗೀತವು ನಾಯಕನ ಗೆಲುವಿಗೆ ಸಾಧನ. ಅಯ್ಯರ್ ಅವರ ಚಿತ್ರದಲ್ಲಿ ಸಂಗೀತಕ್ಕೆ ಬೇರೆ ಕೆಲಸವಿದೆ. ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರ ಸಂಗೀತ, ನಿಮಾಯ್ ಘೋಷ್ ಅವರ ಛಾಯಾಗ್ರಹಣ, ಅನಂತನಾಗ್ ಅವರ ಅಭಿನಯ ಕೂಡಿ, ಸಂಭಾಷಣೆ ಹೊರುತ್ತಿದ್ದ ಭಾರವನ್ನು ತಾವು ಹೊತ್ತವು. ಗಾಯಕನ ಅಹಂಕಾರ, ಸೋಲು, ಸಾಧನೆಗಳನ್ನು ಪಾತ್ರಗಳು ಹೇಳುವುದಕ್ಕಿಂತ ರಾಗ ಮತ್ತು ದುರ್ಗದ ಕಲ್ಲುಬಂಡೆಗಳು ತೋರಿಸುತ್ತವೆ. ಕೊನೆಗೆ ಅರಸನ ಅಪ್ಪಣೆಗೆ ಹಾಡಲೊಲ್ಲದೆ ಅವನು ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ‘ರಣಧೀರ ಕಂಠೀರವ’ದ ಬರಹಗಾರನು ಹದಿನೈದು ವರ್ಷಗಳ ನಂತರ ತಲುಪಿದ ದೃಶ್ಯ ಇದೆಂಬುದನ್ನು ಮರೆತು ಈ ಚಿತ್ರವನ್ನು ಓದುವುದು ಕಷ್ಟ. ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಇದಕ್ಕೆ ಸಂದಿತು. ಬಾಲಮುರಳಿಕೃಷ್ಣ ಅತ್ಯುತ್ತಮ ಹಿನ್ನೆಲೆ ಗಾಯಕರೆನಿಸಿದರು.

‘ಆದಿ ಶಂಕರಾಚಾರ್ಯ’ (1983) ಈ ದಾರಿಯನ್ನು ಅದರ ತುದಿಗೆ ಒಯ್ದಿತು. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ನೆರವಿನಿಂದ ತಯಾರಾದ, ಸಂಸ್ಕೃತ ಭಾಷೆಯ ಈ ಮೊದಲ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ಛಾಯಾಗ್ರಹಣ, ಧ್ವನಿಗ್ರಹಣ ಪ್ರಶಸ್ತಿಗಳ ಜೊತೆಗೆ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಯೂ ಬಂತು. ಚಿತ್ರಕಥೆ ಅಯ್ಯರ್ ಅವರದು. ಮಾತುಗಳು ಬನ್ನಂಜೆ ಗೋವಿಂದಾಚಾರ್ಯರವು. ಅಂದರೆ ಸಂಭಾಷಣಕಾರರೆಂದು ಹೆಸರಾದವರಿಗೆ ಬರವಣಿಗೆಗಾಗಿ ರಾಷ್ಟ್ರಮನ್ನಣೆ ದೊರೆತದ್ದು ಸಂಭಾಷಣೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಾಗ. ಚಿತ್ರಕಥೆಯು ಮಾತಿನ ಮೊತ್ತವಲ್ಲ, ದೃಶ್ಯಗಳ ಕಟ್ಟಡವೆಂಬುದಕ್ಕೆ ತರಗತಿಯಲ್ಲಿ ಕೊಡಬಹುದಾದ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡಿಗರ ಚಿತ್ರಗಳಲ್ಲಿ ಸುಲಭವಾಗಿ ಸಿಗದು. ಆ ಕಟ್ಟಡದ ಅಡಿಗಲ್ಲು ಮಾತ್ರ ಹಳೆಯದೇ. ಶಂಕರರ ಜೊತೆಜೊತೆಗೆ ಮೃತ್ಯು ಮತ್ತು ಪ್ರಜ್ಞಾನ ಎಂಬ ಇಬ್ಬರು ಸಂಗಾತಿಗಳು ಮನುಷ್ಯರೂಪದಲ್ಲಿ ನಡೆಯುತ್ತಾರೆ. ಅಮೂರ್ತ ಭಾವಕ್ಕೆ ವೇಷ ತೊಡಿಸಿ ರಂಗಕ್ಕೆ ತರುವ ಈ ತಂತ್ರ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಷ್ಟು ಹಿಂದಿನದು, ಪೌರಾಣಿಕ ನಾಟಕಗಳಲ್ಲಿ ಬೆಳೆದ ನಟನಿಗೆ ಕೈಗೆಟಕುವಂಥದು. ಹೊಸ ಅಲೆಯ ಚಿತ್ರವೆಂದು ಹೊಗಳಿಸಿಕೊಂಡ ಕೃತಿಯ ನಡುವೆ ಕಂಪನಿಯ ಬಣ್ಣದ ಕೋಣೆಯಿಂದ ಎದ್ದು ಬಂದಂಥ ಎರಡು ಪಾತ್ರಗಳು ನಿಂತಿವೆ.

ಮುಂದಿನ ಕೃತಿಗಳ ವಿಷಯದಲ್ಲಿ ಅಷ್ಟು ಉತ್ಸಾಹ ತೋರುವುದು ಸಾಧ್ಯವಿಲ್ಲ. ಕನ್ನಡದಲ್ಲಿ ‘ಮಧ್ವಾಚಾರ್ಯ’ (1986), ತಮಿಳಿನಲ್ಲಿ ‘ರಾಮಾನುಜಾಚಾರ್ಯ’ (1989), ಸಂಸ್ಕೃತದಲ್ಲಿ ಮತ್ತೊಂದು ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ‘ಭಗವದ್ಗೀತೆ’ (1993), ಹಿಂದಿಯಲ್ಲಿ 1998ರಲ್ಲಿ ತೆರೆಕಂಡ ‘ಸ್ವಾಮಿ ವಿವೇಕಾನಂದ’ ಇವುಗಳಲ್ಲಿ ಭಕ್ತಿ ಹೆಚ್ಚಿದಂತೆ ಸಂಘರ್ಷ ಕುಂದುತ್ತದೆ. ಆಚಾರ್ಯರ ಮತಗಳು ತಮ್ಮ ಕಾಲದಲ್ಲಿ ಎಬ್ಬಿಸಿದ ವಾದಗಳ ಬಿಸಿ ತೆರೆಗೆ ಬರುವುದಿಲ್ಲ. ವಚನಕಾರರನ್ನಾಗಲಿ ದಾಸರನ್ನಾಗಲಿ, ಕನ್ನಡದ ಮಾತನ್ನೇ ದರ್ಶನದ ಭಾಷೆಯಾಗಿಸಿದವರನ್ನು, ಈ ಹಿರಿಯ ಬರಹಗಾರ ತಮ್ಮ ಕೊನೆಯ ಘಟ್ಟದ ದೊಡ್ಡ ಚಿತ್ರಗಳಿಗೆ ಆರಿಸಿಕೊಳ್ಳಲಿಲ್ಲವೆಂಬುದು ಕನ್ನಡ ವಿದ್ಯಾರ್ಥಿಯನ್ನು ಕಾಡದೆ ಇರದು. ಅಯ್ಯರ್ 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ನಿಧನರಾದರು.

ಈ ಬಗೆಯ ಅಧ್ಯಯನಕ್ಕಿರುವ ದೊಡ್ಡ ತೊಡಕು ಪಠ್ಯದ್ದು. ಕಾದಂಬರಿಯ ಮರುಮುದ್ರಣಗಳು ದೊರೆಯುತ್ತವೆ; ಸಂಭಾಷಣೆಯ ಹಸ್ತಪ್ರತಿಗಳು ಚಿತ್ರೀಕರಣ ಮುಗಿದೊಡನೆ ರದ್ದಿಯಾಗುವುದೇ ಹೆಚ್ಚು. ಉಳಿದಿರುವುದು ಚಿತ್ರದ ಪ್ರತಿ ಮತ್ತು ಟೆಂಟುಗಳಲ್ಲಿ ಆಣೆ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಕಗಳು. ಕಥಾಸಾರ, ಪಾತ್ರವರ್ಗ, ಹಾಡುಗಳು, ಬರೆದವರ ಹೆಸರು ಇಷ್ಟನ್ನೂ ಕೆಲವೇ ಪುಟಗಳಲ್ಲಿ ಹೊತ್ತ ಆ ಪುಸ್ತಿಕೆಗಳು ಹಳ್ಳಿಯ ಹಾರ್ಮೋನಿಯಂ ಮಾಸ್ತರರ ಟ್ರಂಕುಗಳಲ್ಲಿ ಹಳೆಯ ನಾಟಕದ ಪ್ರತಿಗಳ ಜೊತೆ ಸಿಗುವ ಸಂಭವ ಹೆಚ್ಚು. ಹಸ್ತಪ್ರತಿ ಸಂಗ್ರಹಕ್ಕೆಂದು ಕುಂದಗೋಳ, ಅಣ್ಣಿಗೇರಿಗಳ ಕಡೆಗೆ ಹೋಗುವವರು ತಾಳೆಗರಿಯ ಕಟ್ಟಿನೊಂದಿಗೆ ಅವನ್ನೂ ಕೇಳಿ ನೋಡಬಹುದು.