ಮುಂಭಾರದ ಎಂಜಿಸಿ

ನಮ್ಮ ರಸ್ತೆಗಳಲ್ಲಿ ಈಗ ಎಂಜಿ ಎಂದರೆ ಹೆಕ್ಟರ್‌ನಂಥ ಎತ್ತರದ ಗಾಡಿ. ಅರವತ್ತರ ದಶಕದ ಇಂಗ್ಲೆಂಡಿನಲ್ಲಿ ಎಂಜಿ ಎಂದರೆ ನೆಲಕ್ಕೆ ಅಂಟಿಕೊಂಡು ಓಡುವ ಪುಟ್ಟ ಎಂಜಿಬಿ. ಅದರ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದು, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ 2,912 ಸಿಸಿಯದನ್ನು ಕೂರಿಸಿ 1967ರಲ್ಲಿ ಎಂಜಿಸಿ ಎಂದು ಮಾರಾಟಕ್ಕೆ ಬಿಟ್ಟರು. 1969ಕ್ಕೆ ತಯಾರಿಕೆ ನಿಂತೇಹೋಯಿತು. ಅದರ ಬಗ್ಗೆ ಹಬ್ಬಿದ ಅರ್ಧಸತ್ಯಗಳು ಮಾತ್ರ ಇನ್ನೂ ಓಡುತ್ತಿವೆ.

ತಪ್ಪು ಕಲ್ಪನೆ: ಬಾನೆಟ್ ಕೆಳಗೆ ಜಾಗವಿದ್ದರೆ ಎಂಜಿನ್ ಕೂತಂತೆಯೇ.

ವಾಸ್ತವ: ಎಂಜಿಬಿಯ ಮುಂದಿನ ಚಕ್ರಗಳ ಸ್ಪ್ರಿಂಗುಗಳು ನಿಂತಿದ್ದುದು ಎಂಜಿನ್ ಕೆಳಗೆ ಹಾದುಹೋಗುವ ಅಡ್ಡತೊಲೆಯ ಮೇಲೆ. ಉದ್ದನೆಯ ಆರು ಸಿಲಿಂಡರಿಗೆ ಅದೇ ಅಡ್ಡಿಯಾಯಿತು. ತೊಲೆ ಹೋಯಿತು, ಅದರೊಂದಿಗೆ ಸ್ಪ್ರಿಂಗೂ ಹೋಯಿತು. ಬದಲಿಗೆ, ತಿರುಚಿಕೊಂಡು ಭಾರ ತಡೆಯುವ ಉಕ್ಕಿನ ಸರಳುಗಳನ್ನು, ಅಂದರೆ ಟಾರ್ಷನ್ ಬಾರ್‌ಗಳನ್ನು, ಕಾರಿನಡಿಯಲ್ಲಿ ಹಿಂದಕ್ಕೆ ಚಾಚಿ ಕಟ್ಟಿದರು. ಬಾನೆಟ್ ಉಬ್ಬಿತು, ಕಾರ್ಬ್ಯುರೇಟರಿಗೆ ಎಡೆ ಮಾಡಲು ಆ ಉಬ್ಬಿನ ಮೇಲೆ ಇನ್ನೊಂದು ಬುಗುಟು. 14 ಇಂಚಿನ ಚಕ್ರಗಳು 15 ಇಂಚಿನವಾದವು. ಎಂಜಿನ್ ಬದಲಿಸಲು ಹೊರಟವರು ಮುಂಭಾಗವನ್ನೇ ಹೊಸದಾಗಿ ಕಟ್ಟಬೇಕಾಯಿತು.

ತಪ್ಪು ಕಲ್ಪನೆ: 95ರ ಬದಲು 145 ಅಶ್ವಶಕ್ತಿ, ಹಾಗಾಗಿ ಒಂದೂವರೆ ಪಟ್ಟು ಚುರುಕು.

ವಾಸ್ತವ: ನೇರ ಹೆದ್ದಾರಿಯಲ್ಲಿ ಗಂಟೆಗೆ 190 ಕಿ.ಮೀ. ಮುಟ್ಟುತ್ತಿತ್ತು, ನಿಜ. ಆದರೆ ವೇಗವಾಗಿ ಸುತ್ತಲು ಎಂಜಿನ್ನಿಗೆ ಸೋಮಾರಿತನ. ನನ್ನ ಲೆಕ್ಕದಲ್ಲಿ ಇದು ದೂರ ಪ್ರಯಾಣದ ಕಾರು. ಸ್ಪೋರ್ಟ್ಸ್ ಕಾರೆಂದು ಮಾರಿದ್ದೇ ಎಡವಟ್ಟು.

ತಪ್ಪು ಕಲ್ಪನೆ: ಸಿಲಿಂಡರ್ ಹೆಚ್ಚಿದಷ್ಟೂ ಭಾರ ಹೆಚ್ಚು.

ವಾಸ್ತವ: 1973ರಲ್ಲಿ ಇದೇ ಎಂಜಿಬಿಯ ಜಿಟಿ ಮಾದರಿಗೆ ರೋವರ್‌ನ 3.5 ಲೀಟರ್ ವಿ8 ಹಾಕಿದರು. ಸಿಲಿಂಡರ್ ಎಂಟು, ಆದರೆ ಅಲ್ಯೂಮಿನಿಯಂ. ಹಳೆಯ ಕಬ್ಬಿಣದ ನಾಲ್ಕು ಸಿಲಿಂಡರಿಗಿಂತ ಅದು ಭಾರವಾಗಲಿಲ್ಲ, ಬಾನೆಟ್ ಉಬ್ಬಿಸುವ ಗೋಜೂ ಬರಲಿಲ್ಲ.

ತಪ್ಪು ಕಲ್ಪನೆ: ತಿರುವಿನಲ್ಲಿ ಎಂಜಿಸಿ ಮಾತು ಕೇಳದು, ಅದರ ಹಣೆಬರಹವೇ ಅಷ್ಟು.

ವಾಸ್ತವ: ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಮುಂಭಾರ, ಹಿಂಭಾರ ಗೊತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಇಲ್ಲಿ ಹೊಸ ಎಂಜಿನ್ ಹಳೆಯದಕ್ಕಿಂತ ಸುಮಾರು 95 ಕೆಜಿ ಹೆಚ್ಚು ತೂಗುತ್ತಿತ್ತು; ಅದೆಲ್ಲ ಬಂದು ಕೂತದ್ದು ಮೂಗಿನ ಮೇಲೆ. ಕಾರಿನ ತೂಕದಲ್ಲಿ ಶೇ 56ರಷ್ಟು ಮುಂಚಕ್ರಗಳ ಪಾಲಾಯಿತು. ಸ್ಟೀರಿಂಗ್ ಹಗುರವಾಗಲೆಂದು ಅದರ ಗೇರ್ ಬದಲಿಸಿದ್ದರಿಂದ, ಒಂದು ತುದಿಯಿಂದ ಇನ್ನೊಂದು ತುದಿಗೆ 2.9 ಸುತ್ತು ಸಾಕಾಗುತ್ತಿದ್ದದ್ದು 3.5 ಸುತ್ತಾಯಿತು. ಚಾಲಕ ತಿರುಗಿಸಿದರೂ ಮೂಗು ನೆಟ್ಟಗೇ ಹೋಗಲು ಹವಣಿಸುತ್ತಿತ್ತು. ಇಷ್ಟು ದೂರು ನ್ಯಾಯವಾದದ್ದೇ. ಆದರೆ ಪತ್ರಕರ್ತರಿಗೆ ಓಡಿಸಲು ಕೊಟ್ಟ ಕಾರುಗಳ ಟಯರಿನಲ್ಲಿ ಗಾಳಿಯ ಒತ್ತಡವೇ ಸರಿ ಇರಲಿಲ್ಲ ಎಂಬ ಮಾತೂ ಇದೆ. ಮೊದಲ ವರದಿಗಳ ಕೆಟ್ಟ ಹೆಸರು ಆಮೇಲೆ ಅಳಿಯಲಿಲ್ಲ. 1968ರ ಸೆಬ್ರಿಂಗ್ 12 ಗಂಟೆಗಳ ರೇಸಿನಲ್ಲಿ ಅಲ್ಯೂಮಿನಿಯಂ ಹೊದಿಕೆಯ ಎಂಜಿಸಿ ಒಟ್ಟಾರೆ ಹತ್ತನೆಯದಾಗಿ ಬಂತು. ಹಣೆಬರಹ ಕೆಟ್ಟ ಕಾರಿಗೆ ಅದು ಸಾಧ್ಯವಿರಲಿಲ್ಲ.

ಇಂಗ್ಲೆಂಡಿನಲ್ಲಿ ಯಾರಾದರೂ ಎಂಜಿಸಿ ಓಡಿಸಲು ಕೊಟ್ಟರೆ, ಕೀಲಿ ತಿರುಗಿಸುವ ಮೊದಲು ಮುಂದಿನ ಟಯರುಗಳ ಗಾಳಿ ನೋಡಿಕೊಳ್ಳಿ.