ಮೇಲುಕೋಟೆಯ ತೋಳಕ್ಕೆ ಗೋಮಾಳವೂ ಬೇಕು

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಎಂದೊಡನೆ ಚೆಲುವನಾರಾಯಣ, ವೈರಮುಡಿ, ಪುಳಿಯೋಗರೆ ನೆನಪಾಗುತ್ತವೆ. ಊರಿನ ಸುತ್ತಲ ಕುರುಚಲು ಬೆಟ್ಟಗಳನ್ನು 1974ರಲ್ಲಿ ಮುಖ್ಯವಾಗಿ ತೋಳದ ರಕ್ಷಣೆಗೆಂದೇ ವನ್ಯಜೀವಿಧಾಮವಾಗಿ ಘೋಷಿಸಿದ್ದು ಮಾತ್ರ ಅನೇಕ ಭಕ್ತರಿಗೆ ತಿಳಿಯದು. ಅದಕ್ಕೆ 2024ರಲ್ಲಿ 50 ತುಂಬಿತು. ಘೋಷಣೆಯ ಹಿಂದಿನ ವರ್ಷವಷ್ಟೇ ಹುಲಿ ಯೋಜನೆ ಶುರುವಾಗಿ ದೇಶದ ಗಮನವೆಲ್ಲ ಬಂಡೀಪುರದಂಥ ದೊಡ್ಡ ಕಾಡುಗಳತ್ತ ತಿರುಗಿದ್ದಾಗ, ಕುರಿ ಕದಿಯುವ ಪ್ರಾಣಿಗೆ ನೆಲೆ ಕೊಟ್ಟದ್ದು ನಿಜಕ್ಕೂ ಧೈರ್ಯದ ತೀರ್ಮಾನ.

ಧಾಮದ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ತೋಳದ ಒಂದು ಗುಂಪು ಬೇಟೆಗಾಗಿ ಸುತ್ತುವ ಸೀಮೆ ಇದಕ್ಕಿಂತ ಹಲವು ಪಟ್ಟು ದೊಡ್ಡದಿರಬಲ್ಲದು. ನಮ್ಮ ತೋಳ ದಟ್ಟ ಕಾಡಿನದಲ್ಲ. ಬಯಲು, ಹುಲ್ಲುಗಾವಲು, ಬೆಟ್ಟದ ತಪ್ಪಲಿನ ಪೊದೆಗಳಲ್ಲಿ ಬದುಕುತ್ತದೆ. ಮೊಲ ಹಿಡಿಯುತ್ತದೆ, ಮುಸ್ಸಂಜೆಯಾದರೆ ಕುರಿಮಂದೆಯ ಅಂಚಿಗೆ ಬರುತ್ತದೆ, ಚಳಿಗಾಲದಲ್ಲಿ ಗುಹೆ, ಬಿಲಗಳಲ್ಲಿ ಮರಿ ಹಾಕುತ್ತದೆ. ಹಾಗಾಗಿ ಅದರ ಉಳಿವು ಅರಣ್ಯದ ಗಡಿಕಲ್ಲಿನ ಆಚೆಗಿರುವ ಗೋಮಾಳ, ಬೀಳುನೆಲಗಳನ್ನು ನಂಬಿಕೊಂಡಿದೆ. ಸರ್ಕಾರಿ ದಾಖಲೆಗಳಲ್ಲಿ ‘ಖರಾಬು’ ಎಂದು ಬರೆಸಿಕೊಂಡ ನೆಲವೇ ಅದರ ಮನೆ. ಅಲ್ಲಿ ಕಲ್ಲುಗಣಿ, ಬಡಾವಣೆ ಬಂದರೆ ತೋಳಕ್ಕೆ ದಾರಿಯಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಅಕೇಶಿಯಾ, ನೀಲಗಿರಿ ನೆಟ್ಟು ಹಸಿರು ಮಾಡಿದರೂ ಹುಲ್ಲುಬಯಲು ಹಾಳಾಗುತ್ತದೆ.

ಕುರಿ ಕಳೆದುಕೊಂಡವರ ಪಾಡೇನು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಒಂದು ಕುರಿ ಹೋದರೂ ಬಡ ಕುರಿಗಾಹಿಗೆ ತಿಂಗಳ ಸಂಸಾರವೇ ಏರುಪೇರು. ಆದರೆ ತೋಳವೂ ಕುರಿಗಾಹಿಯೂ ಹಂಚಿಕೊಂಡಿರುವುದು ಅದೇ ಬಯಲನ್ನು. ಗೋಮಾಳ ಒತ್ತುವರಿಯಾದರೆ ಕುರಿಗೂ ಮೇವಿಲ್ಲ, ಹೊಲದಲ್ಲಿ ಮಂದೆ ತರುಬಿ ಗೊಬ್ಬರ ಪಡೆಯುವ ರೈತನಿಗೂ ನಷ್ಟ. ನಾಯಿ ಸಾಕಿ, ರಾತ್ರಿ ರೊಪ್ಪವನ್ನು ಮುಳ್ಳುಬೇಲಿಯಿಂದ ಭದ್ರಪಡಿಸುವ ಹಳೆಯ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ. ಅದನ್ನೂ ಮೀರಿ ಕುರಿ ಸತ್ತರೆ ಪರಿಹಾರ ತಡವಿಲ್ಲದೆ ಕೈಸೇರಬೇಕು. ಹಣ ವರ್ಷಗಟ್ಟಲೆ ಬಾರದಿದ್ದರೆ ಸಿಟ್ಟು ವಿಷವಾಗಿ ತೋಳದ ಬಾಯಿ ಸೇರುತ್ತದೆ.

ಇತ್ತೀಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ತೋಳಧಾಮ ಆಗಿದೆ. ಆ ದಾರಿಯಲ್ಲಿ ಅರ್ಧ ಶತಮಾನ ಮೊದಲೇ ನಡೆದ ಮೇಲುಕೋಟೆಯ ಸುತ್ತ ಇನ್ನೂ ಉಳಿದಿರುವ ಗೋಮಾಳಗಳನ್ನು ಗ್ರಾಮ ಪಂಚಾಯಿತಿಗಳು, ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಾಗಿ ಅಳೆದು, ಬೇರೆ ಯಾವುದಕ್ಕೂ ಮಂಜೂರು ಮಾಡದೆ ಕಾಯಲಿ.